ಸಸಿ ಚೀಲಕ್ಕೆ ಮಣ್ಣು ತುಂಬುವ ಮೊದಲು ಊರನ್ನು ಕೇಳಿ

ಇವರಿಗೆ,
ಮಾನ್ಯ ಅರಣ್ಯ ಸಚಿವರು, ಕರ್ನಾಟಕ ಸರ್ಕಾರ
ಹಾಗೂ
ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳು, ಅರಣ್ಯ ಭವನ, ಬೆಂಗಳೂರು

ವಿಷಯ: ಗ್ರಾಮ ಅರಣ್ಯಗಳ ಯೋಜನೆ, ಕೊಯ್ಲು ಮತ್ತು ಲೆಕ್ಕಪತ್ರಗಳಲ್ಲಿ ಕಾಡು ಬಳಸುವವರ ತೀರ್ಮಾನಕ್ಕೆ ಬೆಲೆ ಕೊಡುವ ಬಗ್ಗೆ

ಮಾನ್ಯರೇ,

ಕಾಡಿನ ಕೆಲಸದಲ್ಲಿ ಜನರನ್ನು ಸೇರಿಸಿಕೊಳ್ಳಬೇಕು ಎಂಬ ಮಾತು ನಮ್ಮ ರಾಜ್ಯಕ್ಕೆ ಹೊಸದಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿ ಅದನ್ನು ಹೇಳಿತು. 1990ರ ಜೂನ್ 1ರ ಕೇಂದ್ರದ ಸುತ್ತೋಲೆ ದಾರಿ ತೋರಿಸಿತು. 1993ರ ಏಪ್ರಿಲ್‌ನಲ್ಲಿ ಕರ್ನಾಟಕ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿತು. ಮುಂದೆ ಕರ್ನಾಟಕ ಅರಣ್ಯ ಕಾಯ್ದೆಗೆ 31ಎ ಕಲಂ ಸೇರಿ, ಊರವರೂ ಇಲಾಖೆಯೂ ಒಟ್ಟಾಗಿ ಕಾಡು ನೋಡಿಕೊಳ್ಳುವ ಗ್ರಾಮ ಅರಣ್ಯ ಸಮಿತಿಗೆ ಕಾನೂನಿನ ನೆಲೆಯೂ ಸಿಕ್ಕಿತು. ಅಂಥ ಸಮಿತಿಗಳ ಸಭೆ, ನಡಾವಳಿ ಪುಸ್ತಕ, ನೆಡುತೋಪು ಮತ್ತು ಜಗಳಗಳನ್ನು ಹತ್ತಿರದಿಂದ ಬಲ್ಲ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ದೂರು ಚಿಕ್ಕದು, ಆದರೆ ಬುಡದಲ್ಲಿರುವಂಥದು. ಜನರನ್ನು ಕರೆಯುವ ಹೊತ್ತಿಗೆ ತೀರ್ಮಾನಗಳೆಲ್ಲ ಆಗಿಹೋಗಿರುತ್ತವೆ.

ಇದು ಹೇಗಾಗುತ್ತದೆ ಎಂಬುದನ್ನು ನರ್ಸರಿಯಿಂದಲೇ ನೋಡಬೇಕು. ಜೂನ್ ಮಳೆಗೆ ನೆಡುವ ಸಸಿ ಬೇಕಾದರೆ ಹಿಂದಿನ ಚಳಿಗಾಲದಲ್ಲೇ ಪಾಲಿಥಿನ್ ಚೀಲಕ್ಕೆ ಮಣ್ಣು, ಗೊಬ್ಬರ ತುಂಬಿ ಬೀಜ ಹಾಕಬೇಕು. ಯಾವ ಬೀಜ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಎಷ್ಟು ಹೆಕ್ಟೇರ್, ಯಾವ ಬ್ಲಾಕ್, ಎಷ್ಟು ಗುಂಡಿ ಎಂಬುದು ಅನುದಾನದ ಹಾಳೆಯಲ್ಲಿ ಕುಳಿತಿರುತ್ತದೆ. ಎರಡು ಮೀಟರ್‌ಗೊಂದು ಸಸಿ ಎಂದರೆ ಹೆಕ್ಟೇರಿಗೆ 2,500 ಗುಂಡಿ, ಮೂರು ಮೀಟರ್‌ಗೊಂದು ಎಂದರೆ ಸುಮಾರು 1,100. ಈ ಅಂತರ ನಿಶ್ಚಯವಾದರೆ ನಡುವೆ ಹುಲ್ಲು ಉಳಿಯುತ್ತದೋ ಇಲ್ಲವೋ ಎಂಬುದೂ ನಿಶ್ಚಯವಾದಂತೆ. ಇಷ್ಟೆಲ್ಲ ಮುಗಿದ ಮೇಲೆ, ಬೇಸಿಗೆಯ ಕೊನೆಗೆ ಸಭೆ ಕರೆದು 'ಸೂಕ್ಷ್ಮ ಯೋಜನೆ', ಅಂದರೆ ಆ ಊರಿನ ಕಾಡಿನ ಕೆಲಸದ ಯೋಜನೆ, ಓದಿ ಸಹಿ ಹಾಕಿಸಿಕೊಳ್ಳಲಾಗುತ್ತದೆ. ಆಗ ಯಾರಾದರೂ ಎದ್ದು "ನಮಗೆ ನೆಲ್ಲಿ, ಮತ್ತಿ, ಹೊನ್ನೆ ಬೇಕಿತ್ತು" ಎಂದರೆ ಉತ್ತರ ಒಂದೇ: ನರ್ಸರಿಯಲ್ಲಿ ಇರುವುದು ಅಕೇಶಿಯಾ.

ಅಕೇಶಿಯಾವನ್ನು ಯಾಕೆ ಆರಿಸುತ್ತಾರೆ ಎಂಬುದು ನಮಗೆ ಅರ್ಥವಾಗದ ವಿಷಯವಲ್ಲ. ಕಲ್ಲುನೆಲದಲ್ಲೂ ಬೇಗ ಏಳುತ್ತದೆ, ಬೇರಿನಲ್ಲಿ ಸಾರಜನಕ ಹಿಡಿಯುತ್ತದೆ, ದನ ಬಾಯಿ ಹಾಕುವುದಿಲ್ಲ, ಬದುಕಿದ ಸಸಿಗಳ ಲೆಕ್ಕ ಚೆನ್ನಾಗಿ ಬರುತ್ತದೆ. ಆದರೆ ದನ ತಿನ್ನದು ಎಂಬುದು ಇಲಾಖೆಗೆ ಗುಣ, ದನ ಸಾಕಿದವನಿಗೆ ಅದೇ ದೋಷ. ಅದರ ದಪ್ಪ ಎಲೆ ನಿಧಾನವಾಗಿ ಕೊಳೆಯುತ್ತದೆ. ಕೊಟ್ಟಿಗೆಗೆ ಹಾಸಲು, ತೋಟಕ್ಕೆ ಗೊಬ್ಬರ ಮಾಡಲು ಸೊಪ್ಪು ತರುವ ಮಲೆನಾಡಿನ ರೈತನಿಗೆ ಅದು ಒಗ್ಗುವುದಿಲ್ಲ. ಒಂದೇ ಜಾತಿಯ ತೋಪಿನ ಕೆಳಗೆ ಹುಲ್ಲೂ ಕಡಿಮೆ, ಗಡ್ಡೆಗೆಣಸೂ ಕಡಿಮೆ. ಇಲಾಖೆಯ ದಾಖಲೆಯಲ್ಲಿ ಅದು ಹಸಿರಾದ ಬ್ಲಾಕ್. ಊರಿನ ಪಾಲಿಗೆ ಬಾಗಿಲು ಹಾಕಿದ ಬ್ಲಾಕ್.

ಎರಡನೆಯ ತಪ್ಪು 'ಊರಿನವರು' ಎಂಬ ಪದದಲ್ಲೇ ಇದೆ. ಸಮಿತಿಗೆ ಸಾಮಾನ್ಯವಾಗಿ ಬರುವವರು ಪಹಣಿ ಇರುವವರು, ಗಂಡಸರು, ದೊಡ್ಡ ಕೇರಿಯವರು. ಕಾಡಿನೊಳಗೆ ದಿನವೂ ಕಾಲಿಡುವವರು ಬೇರೆ. ಸೌದೆ ಹೊರೆ ತರುವ ಹೆಂಗಸರು, ಬುಟ್ಟಿ ಹೆಣೆಯುವ ಮೇದಾರರು, ಮಳೆ ಮುಗಿದ ಮೇಲೆ ಹಿಂಡು ತರುವ ಕುರಿಗಾಹಿಗಳು, ಹೆಜ್ಜೇನು ಇಳಿಸುವವರು, ಬೇರು ತೊಗಟೆ ಬಲ್ಲ ನಾಟಿ ವೈದ್ಯರು, ನೆಲ್ಲಿ ಸೀಗೆ ಆರಿಸುವ ಕುಟುಂಬಗಳು, ಪಕ್ಕದ ಊರಿನಿಂದ ಕರಡ ಕೊಯ್ಯಲು ಬರುವವರು. ಇವರಲ್ಲಿ ಎಷ್ಟೋ ಜನರಿಗೆ ಆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಅವರಿಲ್ಲದೆ ಬರೆದ ನಿಯಮವನ್ನು ಅವರು ಮುರಿದಾಗ ಅದನ್ನು ಅಕ್ರಮ ಎಂದು ಬರೆದುಕೊಳ್ಳಲಾಗುತ್ತದೆ. ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(1)(ಡಿ) ಅಲೆಮಾರಿ ಮತ್ತು ಪಶುಪಾಲಕ ಸಮುದಾಯಗಳ ಹಂಗಾಮಿನ ಬಳಕೆಯನ್ನೂ, ಮೇಯಿಸುವುದನ್ನೂ ಹಕ್ಕು ಎಂದೇ ಹೇಳಿದೆ. ಹೀಗಿರುವಾಗ ದನ ತಡೆಯುವ ಕಂದಕ ತೋಡುವ ಮೊದಲು ಹಿಂಡಿನ ದಾರಿ ಎಲ್ಲಿ ಹಾಯುತ್ತದೆ, ನೀರಿಗೆ ಎಲ್ಲಿ ಇಳಿಯುತ್ತದೆ ಎಂದು ಕುರಿಗಾಹಿಯನ್ನು ಕೇಳುವುದು ಕಡ್ಡಾಯವಾಗಬೇಕು.

ಬಳಸುವವರನ್ನು ಕಂಡುಹಿಡಿಯುವುದು ಕಷ್ಟದ ಕೆಲಸವಲ್ಲ. ಕಚೇರಿಯಲ್ಲಿ ಕುಳಿತರೆ ಮಾತ್ರ ಆಗುವುದಿಲ್ಲ. ಕಾಡಿಗೆ ಹೋಗುವ ಪ್ರತಿಯೊಂದು ದಾರಿಯ ಬಾಯಲ್ಲಿ ಬೆಳಗಿನಿಂದ ಸಂಜೆವರೆಗೆ ಒಬ್ಬರು ನಿಲ್ಲಬೇಕು. ಮಳೆಗಾಲ, ಚಳಿಗಾಲ, ಬೇಸಿಗೆಗಳಲ್ಲಿ ತಲಾ ಒಂದು ವಾರ, ಅದರಲ್ಲಿ ಸಂತೆಯ ದಿನವೂ ಸೇರಿರಬೇಕು. ಯಾರು, ಯಾವ ಊರು, ಏನು ತಂದರು, ಎಷ್ಟು ದೂರದಿಂದ, ಮನೆಗೋ ಮಾರಾಟಕ್ಕೋ ಎಂಬ ಐದು ಪ್ರಶ್ನೆ ಸಾಕು. ಹೊರೆಯನ್ನು ತೂಗಲು ಒಂದು ಸ್ಪ್ರಿಂಗ್ ತಕ್ಕಡಿ. ನಿಲ್ಲುವವರು ಸಮವಸ್ತ್ರದವರಾಗಿರಬಾರದು. ಗಾರ್ಡ್ ನಿಂತಿರುವುದು ಕಂಡರೆ ಹೊರೆ ಬೇರೆ ದಾರಿ ಹಿಡಿಯುತ್ತದೆ, ಲೆಕ್ಕ ಸುಳ್ಳಾಗುತ್ತದೆ. ನಕ್ಷೆಯನ್ನು ಹೆಂಗಸರೂ ಗಂಡಸರೂ ಬೇರೆ ಬೇರೆ ಕುಳಿತು ನೆಲದ ಮೇಲೆ ಬರೆಯಬೇಕು. ಗಂಡಸರು ಎಲ್ಲೆ, ಮರ, ಒತ್ತುವರಿ ಗುರುತಿಸಿದರೆ, ಹೆಂಗಸರ ನಕ್ಷೆಯಲ್ಲಿ ಒಣ ಸೌದೆ ಸಿಗುವ ಜಾಗ, ಬೇಸಿಗೆಯಲ್ಲಿ ಬತ್ತದ ಒರತೆ, ಸೊಪ್ಪಿನ ದಾರಿ ಬರುತ್ತವೆ. ಎರಡನ್ನೂ ಒಂದರ ಮೇಲೊಂದು ಇಟ್ಟಾಗಲೇ ಎಲ್ಲಿ ಬೇಲಿ ಹಾಕಿದರೆ ಯಾರಿಗೆ ಏಟು ಎಂಬುದು ಕಾಣುತ್ತದೆ.

ಈ ತೂಕದ ಲೆಕ್ಕ ಯಾಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. 120 ಮನೆಯ ಊರು, ಮನೆಗೆ ವಾರಕ್ಕೆ ಎರಡು ಹೊರೆ, ಹೊರೆಗೆ 20 ಕಿಲೋ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 250 ಟನ್. 100 ಹೆಕ್ಟೇರಿನ ಕಾಡಿನಲ್ಲಿ 50 ಹೆಕ್ಟೇರನ್ನು ಒಮ್ಮೆಲೇ ಮುಚ್ಚಿದರೆ ಈ 250 ಟನ್ ಇಲ್ಲವಾಗುವುದಿಲ್ಲ. ಅದು ಉಳಿದ ಅರ್ಧದ ಮೇಲೆ ಬೀಳುತ್ತದೆ, ಇಲ್ಲವೇ ಪಕ್ಕದ ಊರಿನ ಕಾಡಿಗೆ ಹೋಗುತ್ತದೆ. ಮುಚ್ಚಿದ ಜಾಗ ಚಿಗುರಿದ್ದನ್ನು ಫೋಟೊ ತೆಗೆಯುತ್ತೇವೆ, ಬೋಳಾದ ಪಕ್ಕದ ಗುಡ್ಡ ಫೋಟೊದಲ್ಲಿ ಬರುವುದಿಲ್ಲ. ಅದರ ಬದಲು ಕಾಡನ್ನು ನಾಲ್ಕೈದು ಪಾಲು ಮಾಡಿ, ಒಂದು ಪಾಲನ್ನು ಮಾತ್ರ ಮುಚ್ಚಿ, ಚಿಗುರು ದನದ ಬಾಯಿಗೆ ಎಟುಕದಷ್ಟು ಎತ್ತರವಾದ ಮೇಲೆ ತೆರೆದು ಮುಂದಿನ ಪಾಲಿಗೆ ಹೋಗಬೇಕು. ಮುಚ್ಚಿದ ಪಾಲಿನಲ್ಲೂ ಹುಲ್ಲು ಕೊಯ್ದು ತರಲು ಬಿಡಬೇಕು. ಹುಲ್ಲು ಕೊಯ್ದರೆ ಬೇಸಿಗೆಯ ಬೆಂಕಿಗೆ ಉರುವಲೂ ಕಡಿಮೆಯಾಗುತ್ತದೆ.

ಮಾನ್ಯರೇ, ಕಿರು ಅರಣ್ಯ ಉತ್ಪನ್ನದ (ಮರ ಬಿಟ್ಟು ಕಾಡಿನಿಂದ ತರುವ ಕಾಯಿ, ಬಿದಿರು, ಜೇನಿನಂಥವು) ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕಿದೆ, ಯಾಕೆಂದರೆ ಹೆಚ್ಚು ಹಾಳಾಗಿರುವುದು ಅಲ್ಲಿ. ಸಿಪ್ಪೆ ಒಣಗಿಸಿ ಮಾರುವ ಹುಳಿಕಾಯಿಯ ಮರ ಉಪ್ಪಾಗೆಯನ್ನೇ ನೋಡಿ. ಒಂದು ಪ್ರದೇಶದ ಕಾಯಿಯನ್ನು ಟೆಂಡರಿನಲ್ಲಿ ಹಿಡಿದವರ ಆಸಕ್ತಿ ಅವಧಿ ಮುಗಿಯುವ ದಿನಕ್ಕೆ ಮುಗಿಯುತ್ತದೆ. ತಡಮಾಡಿದರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಭಯಕ್ಕೆ ಎಲ್ಲರೂ ಕಾಯಿ ಬಲಿಯುವ ಮೊದಲೇ ಮರ ಹತ್ತುತ್ತಾರೆ. ಎಳೆಕಾಯಿಯ ಬೀಜ ಹುಟ್ಟುವುದಿಲ್ಲ, ಸಿಪ್ಪೆಯೂ ತೆಳ್ಳಗೆ. ಕೈಗೆ ಎಟುಕದ ಕಾಯಿಗೆ ಕೊಂಬೆಯನ್ನೇ ಕಡಿಯುತ್ತಾರೆ. ಹಣ್ಣಾಗುವುದು ಮಳೆಗಾಲದಲ್ಲಿ, ಹಾಗಾಗಿ ಸಿಪ್ಪೆ ಒಣಗಿಸಲು ಬೆಂಕಿಯೇ ಬೇಕು. ಆ ಸೌದೆಯೂ ಅದೇ ಕಾಡಿನದು. ಇನ್ನೊಂದು ಸೂಕ್ಷ್ಮವಿದೆ. ಉಪ್ಪಾಗೆಯಲ್ಲೂ ರಾಮಪತ್ರೆಯಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡದ್ದು ಬಂಜೆ ಎಂದು ಗಂಡು ಮರವನ್ನು ಕಡಿದರೆ ಸುತ್ತಲಿನ ಹೆಣ್ಣು ಮರಗಳೂ ಸೊರಗುತ್ತವೆ. ನೆಡುವಾಗಲೂ ಬೀಜದ ಸಸಿಯಲ್ಲಿ ಯಾವುದು ಗಂಡು ಯಾವುದು ಹೆಣ್ಣು ಎಂದು ಹೂ ಬರುವವರೆಗೆ ತಿಳಿಯದು. ಆದ್ದರಿಂದ ಹತ್ತಾರು ಸಸಿಗಳನ್ನು ಗುಂಪಾಗಿ ನೆಡಬೇಕು.

ಇದಕ್ಕೆ ಊರು ಮಾಡಬಹುದಾದ ನಿಯಮ ಸರಳ. ಕೊಯ್ಲು ಆರಂಭಿಸುವ ದಿನವನ್ನು ಸಭೆಯೇ ಗೊತ್ತುಮಾಡಿ ಸಾರಬೇಕು. ಹಣ್ಣಾಗಿ ಬಿದ್ದದ್ದು ಮತ್ತು ಹಳದಿಗೆ ತಿರುಗಿದ್ದು ಮಾತ್ರ. ಕೊಂಬೆಗೆ ಕತ್ತಿ ಇಲ್ಲ. ಬೀಜ ಕಾಡಿಗೇ ವಾಪಸು. ಸೌದೆ ಉಳಿಸುವ ಒಲೆಯೊಂದನ್ನು ಹತ್ತು ಮನೆಗಳು ಹಂಚಿಕೊಳ್ಳಬೇಕು. ಆದರೆ ಹೊರಗಿನವರ ಕೈಯಲ್ಲಿ ಟೆಂಡರ್ ಚೀಟಿ ಇರುವವರೆಗೆ ಈ ನಿಯಮ ಒಂದು ವಾರವೂ ನಿಲ್ಲುವುದಿಲ್ಲ. ತಾನು ಕಾದು ಉಳಿಸಿದ ಕಾಯಿ ನಾಳೆ ತನಗೇ ಸಿಗುತ್ತದೆ ಎಂಬ ಖಾತ್ರಿ ಇದ್ದವನು ಮಾತ್ರ ಕಾಯುತ್ತಾನೆ.

ಬಿದಿರಿನದೂ ಹೀಗೆಯೇ. ಮೆಳೆ ಹೊರಕ್ಕೆ ಹೊರಕ್ಕೆ ಬೆಳೆಯುವುದರಿಂದ ಹೊರಸುತ್ತಿನ ಗಳಗಳೇ ಎಳೆಯವು, ನಡುವಿನವು ಬಲಿತವು. ಅವಸರದಲ್ಲಿ ಬಂದವನು ಕೈಗೆ ಸಿಕ್ಕ ಹೊರಗಿನದನ್ನು ಕಡಿದು ಹೋಗುತ್ತಾನೆ, ನಡುವೆ ಉಸಿರುಗಟ್ಟಿ ಮೆಳೆ ಸಾಯುತ್ತದೆ. ಒಂದು ಬದಿಯಿಂದ ಲಾಳದಾಕಾರದಲ್ಲಿ ದಾರಿ ಬಿಡಿಸಿ ಒಳಗೆ ಹೋಗಿ, ಮೂರು ವರ್ಷ ದಾಟಿದ್ದನ್ನು ಆರಿಸಿ, ನೆಲದಿಂದ ಒಂದು ಗೇಣು ಮೇಲೆ, ಗಿಣ್ಣಿನ ಮೇಲ್ಭಾಗಕ್ಕೆ ಸರಿಯಾಗಿ ಕಡಿಯಬೇಕು. ಗಿಣ್ಣಿನಿಂದ ಮೇಲೆ ಬಿಟ್ಟರೆ ಬಟ್ಟಲಿನಂತೆ ನೀರು ನಿಂತು ಕೊಳೆಯುತ್ತದೆ. ಕಳಲೆ ಏಳುವ ಮಳೆ ತಿಂಗಳುಗಳಲ್ಲಿ ಕತ್ತಿ ಮುಟ್ಟಿಸಬಾರದು. ಇದನ್ನೆಲ್ಲ ಚೆನ್ನಾಗಿ ಬಲ್ಲವರು ಮೇದಾರರು. ಎಷ್ಟೋ ಕಡೆ ಅವರಿಗೆ ಸಮಿತಿಯಲ್ಲಿ ಒಂದು ಕುರ್ಚಿಯೂ ಇರುವುದಿಲ್ಲ ಎಂಬುದು ನಮಗೆ ನೋವಿನ ವಿಷಯ. ಜೇನಿನಲ್ಲೂ ಅಷ್ಟೆ: ತುಪ್ಪದ ಭಾಗ ಮಾತ್ರ ಕೊಯ್ದು ಮರಿಯ ಭಾಗ ಬಿಡುವುದು, ಒಂದು ಮರದ ಎಲ್ಲ ತಟ್ಟಿಗಳನ್ನೂ ಇಳಿಸದಿರುವುದು ಜೇನು ಕೊಯ್ಯುವ ಮನೆತನಗಳು ತಾವೇ ಪಾಲಿಸುವ ಕಟ್ಟಳೆಗಳು.

ಇಂಥ ತಿಳಿವಳಿಕೆಯನ್ನು ಬದಿಗಿಟ್ಟರೆ ಕಾಡಿಗೇ ನಷ್ಟ ಎಂಬುದಕ್ಕೆ ಬಿಳಿಗಿರಿರಂಗನ ಬೆಟ್ಟ ನಮ್ಮ ಕಣ್ಣೆದುರಿಗಿದೆ. ಅಲ್ಲಿನ ಆದಿವಾಸಿಗಳಾದ ಸೋಲಿಗರು ವರ್ಷದ ಆರಂಭದಲ್ಲಿ ಹಾಕುತ್ತಿದ್ದ ಸಣ್ಣ 'ತರಗು ಬೆಂಕಿ' ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಿತು ಎಂಬುದು ಅವರ ಮಾತು. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಎಲ್ಲ ಕಾಡಿಗೂ ಬೆಂಕಿ ಮದ್ದು ಎಂದು ನಾವು ಹೇಳುತ್ತಿಲ್ಲ. ಮಲೆನಾಡಿನ ನಿತ್ಯಹರಿದ್ವರ್ಣದ ಕಾಡಿಗೆ ಬೆಂಕಿ ಬಿದ್ದರೆ ಅದು ಅನಾಹುತವೇ. ಎಲ್ಲಿ, ಯಾವಾಗ, ಯಾರ ಉಸ್ತುವಾರಿಯಲ್ಲಿ ಎಂಬುದನ್ನು ಅಲ್ಲಿಯವರ ಜೊತೆ ಕುಳಿತು ಗೊತ್ತುಮಾಡಿ ಎನ್ನುತ್ತಿದ್ದೇವೆ. ಅದೇ ಬೆಟ್ಟದ 25 ಸೋಲಿಗ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಅಂದರೆ ಈ ದಾರಿ ನಮ್ಮ ರಾಜ್ಯದಲ್ಲೇ ತೆರೆದಿದೆ.

ಕಾನೂನು ಏನು ಹೇಳುತ್ತದೆ ಎಂಬುದು ತಮಗೆ ತಿಳಿದದ್ದೇ. ಆದರೂ ಹೇಳಬೇಕು. ಅರಣ್ಯ ಹಕ್ಕು ಕಾಯ್ದೆಯ ಕಲಂ 3(1)(ಐ) ಸಮುದಾಯದ ಅರಣ್ಯ ಸಂಪನ್ಮೂಲವನ್ನು ಕಾಯುವ, ಮರುಹುಟ್ಟು ಕೊಡುವ, ನಿರ್ವಹಿಸುವ ಹಕ್ಕನ್ನು ಕೊಡುತ್ತದೆ. ನಿಯಮ 4(1)(ಇ) ಪ್ರಕಾರ ಗ್ರಾಮಸಭೆ ತನ್ನದೇ ನಿರ್ವಹಣಾ ಸಮಿತಿ ರಚಿಸಬಹುದು. ಆ ಸಮಿತಿ ಬರೆದ ಯೋಜನೆಯನ್ನು ಇಲಾಖೆಯ ಕಾರ್ಯ ಯೋಜನೆಯೊಂದಿಗೆ ಹೊಂದಿಸಬೇಕು, ಬೇಕಾದ ಮಾರ್ಪಾಡನ್ನು ನಿರ್ಧರಿಸುವುದೂ ಆ ಸಮಿತಿಯೇ. 2012ರ ತಿದ್ದುಪಡಿ ನಿಯಮಗಳ ಪ್ರಕಾರ ಗ್ರಾಮಸಭೆಯ ಕೋರಂಗೆ ಅರ್ಧದಷ್ಟು ಸದಸ್ಯರು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಕಿರು ಅರಣ್ಯ ಉತ್ಪನ್ನದ ಮೇಲೆ ರಾಯಧನ, ಶುಲ್ಕ ಹಾಕುವಂತಿಲ್ಲ. ಸಾಗಣೆ ಪರವಾನಗಿಯನ್ನು ಗ್ರಾಮಸಭೆಯ ಸಮಿತಿಯೇ ಕೊಡಬಹುದು. ಸಮುದಾಯ ಸಂಪನ್ಮೂಲ ಹಕ್ಕನ್ನು ಯಾವುದಾದರೂ ಗ್ರಾಮಕ್ಕೆ ಮಾನ್ಯ ಮಾಡದಿದ್ದರೆ ಜಿಲ್ಲಾ ಮಟ್ಟದ ಸಮಿತಿಯ ಕಾರ್ಯದರ್ಶಿ ಕಾರಣವನ್ನು ಬರೆದಿಡಬೇಕು. ಇಲ್ಲಿ ಗ್ರಾಮಸಭೆ ಎಂದರೆ ಆ ಗ್ರಾಮದ ವಯಸ್ಕರೆಲ್ಲರ ಸಭೆ. ಹಲವು ಹಳ್ಳಿಗಳನ್ನು ಒಟ್ಟು ಸೇರಿಸಿ ಪಂಚಾಯಿತಿ ಕಟ್ಟೆಯಲ್ಲಿ ನಡೆಸುವ ಸಭೆಯಲ್ಲಿ ಹಾಡಿ, ಪೋಡಿನಂಥ ಆದಿವಾಸಿ ಕೇರಿಗಳ ದನಿ ಕೇಳಿಸುವುದಿಲ್ಲ.

ಹೀಗಿದ್ದೂ ಒಂದೇ ಊರಿನಲ್ಲಿ ಗ್ರಾಮ ಅರಣ್ಯ ಸಮಿತಿ, ಅರಣ್ಯ ಹಕ್ಕು ಸಮಿತಿ, ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಒಂದಕ್ಕೊಂದು ಮುಖ ನೋಡದೆ ಇವೆ. ಒಂದರ ಬಳಿ ಹಣ, ಇನ್ನೊಂದರ ಬಳಿ ಹಕ್ಕು, ಮತ್ತೊಂದರ ಬಳಿ ಗಿಡಮೂಲಿಕೆಗಳ ದಾಖಲಾತಿ ಪುಸ್ತಕ. ಗ್ರಾಮ ಅರಣ್ಯ ಸಮಿತಿಗೆ ಸದಸ್ಯ ಕಾರ್ಯದರ್ಶಿ ಉಪ ವಲಯ ಅರಣ್ಯಾಧಿಕಾರಿ, ಬ್ಯಾಂಕ್ ಖಾತೆ ಅಧ್ಯಕ್ಷರ ಜೊತೆ ಜಂಟಿ. ಆ ಅಧಿಕಾರಿಗೆ ವರ್ಗವಾದರೆ ಸಹಿ ಬದಲಾಗುವವರೆಗೆ ಬೆಂಕಿ ಕಾಯುವವರ ಕೂಲಿಯೂ ನಿಲ್ಲುತ್ತದೆ. ಫೆಬ್ರವರಿಯಿಂದ ಮೇವರೆಗಿನ ಬೆಂಕಿಯ ಕಾಲದಲ್ಲಿ ಇದು ಆಗಬಾರದ ವಿಳಂಬ. ನಡಾವಳಿ ಪುಸ್ತಕ ಊರಲ್ಲಿರದೆ ವಲಯ ಕಚೇರಿಯ ಬೀರುವಿನಲ್ಲಿದ್ದರೆ, ಹೋದ ವರ್ಷ ಏನು ಠರಾವು ಆಯಿತು ಎಂದು ಹೇಳುವವರೇ ಊರಲ್ಲಿ ಇರುವುದಿಲ್ಲ.

ತಮ್ಮ ಅಧಿಕಾರಿಗಳ ಆತಂಕವೂ ನಮಗೆ ಗೊತ್ತು. ಊರ ಕೈಗೆ ಕೊಟ್ಟರೆ ಬಲಾಢ್ಯರು ನುಂಗುತ್ತಾರೆ, ಮರ ಉಳಿಯುವುದಿಲ್ಲ ಎಂಬ ಮಾತು. ಮೊದಲನೆಯದು ನಿಜವಾದ ಅಪಾಯ, ಅದನ್ನು ನಾವು ಮರೆಮಾಚುವುದಿಲ್ಲ. ಅದಕ್ಕೆ ಮದ್ದು ಕೇರಿವಾರು ಪ್ರಾತಿನಿಧ್ಯ, ಎಲ್ಲರೆದುರು ಗಟ್ಟಿಯಾಗಿ ಓದುವ ಲೆಕ್ಕ, ಎರಡು ವರ್ಷಕ್ಕೊಮ್ಮೆ ಕಡ್ಡಾಯ ಚುನಾವಣೆ. ಎರಡನೆಯದಕ್ಕೆ ಉತ್ತರ ನೆಲದ ಮೇಲಿದೆ. ಕುಮಟಾದ ಹಳಕಾರ ಗ್ರಾಮ ಅರಣ್ಯ ಬ್ರಿಟಿಷರ ಕಾಲದಿಂದ ಊರ ಪಂಚಾಯಿತಿಯ ಉಸ್ತುವಾರಿಯಲ್ಲಿ ಉಳಿದುಬಂದ ಕಾಡು. ಮಹಾರಾಷ್ಟ್ರದ ಗಡ್‌ಚಿರೋಲಿಯ ಮೇಂಢಾ ಲೇಖಾ ಗ್ರಾಮ 2009ರಲ್ಲಿ ಸುಮಾರು 1,800 ಹೆಕ್ಟೇರಿಗೆ ಹಕ್ಕುಪತ್ರ ಪಡೆಯಿತು. ಆದರೂ ತನ್ನ ಬಿದಿರನ್ನು ತಾನೇ ಸಾಗಿಸುವ ಪಾಸ್ ಪುಸ್ತಕ ಕೈಗೆ ಬರಲು 2011ರ ಏಪ್ರಿಲ್ ಆಗಬೇಕಾಯಿತು. ಹಕ್ಕು ಕೊಟ್ಟು ಪಾಸ್ ಹಿಡಿದಿಟ್ಟರೆ ಏನೂ ಕೊಟ್ಟಂತಾಗುವುದಿಲ್ಲ ಎಂಬುದನ್ನು ಆ ಎರಡು ವರ್ಷ ತೋರಿಸುತ್ತದೆ.

ಆದ್ದರಿಂದ ನಮ್ಮ ಕೋರಿಕೆಗಳು ಇವು. ಯಾವ ಸೂಕ್ಷ್ಮ ಯೋಜನೆಯೂ, ಕಾಡು ಬಳಸುವವರ ಪಟ್ಟಿ ಮತ್ತು ಮೂರು ಹಂಗಾಮಿನ ತೂಕದ ಲೆಕ್ಕ ಲಗತ್ತಿಸದೆ, ಹಳ್ಳಿ ಮಟ್ಟದ ಸಭೆಯ ಕೋರಂ ಇಲ್ಲದೆ ಮಂಜೂರಾಗಬಾರದು. ಪಕ್ಕದ ಊರಿನವರು ಮತ್ತು ಹಿಂಡಿನವರು ಬಳಸುವ ಕಡೆ ಅವರೊಂದಿಗೆ ಲಿಖಿತ ಒಪ್ಪಂದ ಇರಬೇಕು, ದಾರಿ, ನೀರು, ತಿಂಗಳು ಎಲ್ಲವನ್ನೂ ಹೆಸರಿಸಿ. ಸದಸ್ಯ ಕಾರ್ಯದರ್ಶಿ ಊರಿನವರೇ ಆಗಲಿ, ಉಪ ವಲಯ ಅರಣ್ಯಾಧಿಕಾರಿ ತಾಂತ್ರಿಕ ಸಲಹೆಗಾರರಾಗಿ ಇರಲಿ. ಸಾಗಣೆ ಪಾಸ್ ಪುಸ್ತಕ, ನಡಾವಳಿ ಊರಲ್ಲೇ ಇರಲಿ, ಆರು ತಿಂಗಳಿಗೊಮ್ಮೆ ಸಭೆಯಲ್ಲಿ ಓದಲಿ. ಸಮುದಾಯ ಹಕ್ಕು ಮಾನ್ಯವಾದ ಅಥವಾ ಅರ್ಜಿ ಬಾಕಿ ಇರುವ ಕಾಡಿನಲ್ಲಿ ಕಿರು ಉತ್ಪನ್ನದ ಟೆಂಡರ್ ಕೂಡಲೇ ನಿಲ್ಲಲಿ. ಹಕ್ಕು ಮಾನ್ಯ ಮಾಡದ ಗ್ರಾಮಗಳ ಪಟ್ಟಿಯನ್ನು ಕಾರಣಸಹಿತ ಜಿಲ್ಲಾವಾರು ಪ್ರಕಟಿಸಲಿ. ಕಾಡಿನ ಸ್ಥಿತಿ ಅಳೆಯಲು ಊರಿನ ಹುಡುಗ ಹುಡುಗಿಯರಿಗೇ ತರಬೇತಿ ಕೊಡಿ. 20 ಮೀಟರ್ ಚೌಕದಲ್ಲಿ ಎದೆಮಟ್ಟದ ಸುತ್ತಳತೆ 30 ಸೆಂಟಿಮೀಟರ್ ದಾಟಿದ ಮರ, ಅದರೊಳಗೆ 5 ಮೀಟರ್ ಚೌಕದಲ್ಲಿ ಎಳೆಮರ, 1 ಮೀಟರ್ ಚೌಕದಲ್ಲಿ ಮೊಳಕೆ ಎಣಿಸಲು ಹಗ್ಗ, ಟೇಪು, ನೋಟ್‌ಬುಕ್ ಇದ್ದರೆ ಸಾಕು. ಅದೇ ಚೌಕಗಳನ್ನು ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಎಣಿಸಿದರೆ ನಿಯಮ ಫಲ ಕೊಟ್ಟಿತೋ ಇಲ್ಲವೋ ಎಂದು ಊರೇ ಹೇಳುತ್ತದೆ.

ಇಷ್ಟರಲ್ಲಿ ಕೆಲವಕ್ಕೆ ಆದೇಶ ತಿದ್ದಬೇಕು, ಅದಕ್ಕೆ ಸಮಯ ಹಿಡಿಯುತ್ತದೆ ಎಂಬುದನ್ನು ಬಲ್ಲೆವು. ಒಂದಕ್ಕೆ ಮಾತ್ರ ಯಾವ ತಿದ್ದುಪಡಿಯೂ ಬೇಡ, ಒಂದು ಸುತ್ತೋಲೆ ಸಾಕು. ಮುಂದಿನ ಮುಂಗಾರಿಗೆ ಯಾವ ಗಿಡ, ಎಲ್ಲಿ, ಎಷ್ಟು ಅಂತರದಲ್ಲಿ ಎಂಬ ಸಭೆಯನ್ನು ಬೇಸಿಗೆಯಿಂದ ಹಿಂದಕ್ಕೆ ತಂದು, ದೀಪಾವಳಿಯ ಆಸುಪಾಸಿನಲ್ಲಿ, ನರ್ಸರಿಗೆ ಬೀಜದ ಪಟ್ಟಿ ಹೋಗುವ ಮೊದಲು ಪ್ರತಿ ಹಳ್ಳಿಯಲ್ಲೂ ನಡೆಸಿ. ಆ ಸಭೆಯ ಠರಾವಿನ ಪ್ರತಿ ಇಲ್ಲದೆ ಆ ಊರಿನ ಹೆಸರಿನಲ್ಲಿ ಒಂದು ಚೀಲಕ್ಕೂ ಮಣ್ಣು ತುಂಬಬಾರದು ಎಂದು ನರ್ಸರಿಗಳಿಗೆ ತಿಳಿಸಿ.

ಇಂತಿ,
ಗ್ರಾಮ ಅರಣ್ಯಗಳ ಕೆಲಸದಲ್ಲಿ ತೊಡಗಿರುವ ನಾಗರಿಕರು